ಇಪ್ಪತ್ತಾರಕ್ಕೆ ತಡವಾಯಿತಾ ಎಂದು ಕೇಳಿದ ತಂಗಿಗೆ

ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ವಿಜಯಪುರದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವಳು, ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಸೈಕಲ್ ಹೊಡೆಯುವ ಟೈಮ್ ಟ್ರಯಲ್‌ನಲ್ಲಿ ರಾಜ್ಯಮಟ್ಟದ ಪದಕ ತಂದವಳು, ಮದುವೆಯಾಗಿ ನಾಲ್ಕು ತಿಂಗಳ ಹಿಂದೆ ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಬಂದಿದ್ದೀಯ. ಗಂಡ ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಭಾಷೆ ಬರುವುದಿಲ್ಲ. ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು, ಕೆಳಗೆ ಸೈಕಲ್ ಹೊಡೆದುಕೊಂಡು ಹೋಗುವವರನ್ನು ಎಣಿಸುತ್ತೀಯ. "ಅಕ್ಕಾ, ಇಲ್ಲಿಯ ಬದುಕು ಹೀಗೇನಾ? ಇಲ್ಲಿ ಪ್ರೊಫೆಷನಲ್ ಆಗೋದು ಸಾಧ್ಯಾನಾ, ಇಲ್ಲಾ ಇಪ್ಪತ್ತಾರಕ್ಕೆ ಎಲ್ಲ ಮುಗೀತಾ?" ಅಂತ ಕೇಳಿದ್ದೀಯ.

ನಾನು ಧಾರವಾಡದವಳು. ಇಲ್ಲಿಗೆ ಬಂದು 21 ವರ್ಷವಾಯಿತು. ಆ ಕಿಟಕಿ ನನಗೂ ಗೊತ್ತು. ಆದ್ದರಿಂದ ಸುಮ್ಮನೆ ಸಮಾಧಾನ ಹೇಳುವುದಿಲ್ಲ, ಗೊತ್ತಿದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಬರ್ನ್‌ನಿಂದ ರೈಲಿನಲ್ಲಿ ಸ್ವಲ್ಪವೇ ದೂರ ಹಿಂಡೆಲ್‌ಬಾಂಕ್ ಅಂತ ಒಂದು ಊರಿದೆ. ಹೊಲ, ಹಸು, ಇಳಿಜಾರು ಮಾಡಿನ ದೊಡ್ಡ ದೊಡ್ಡ ಮರದ ಮನೆಗಳು. ಸ್ವಿಸ್ ಸೈಕ್ಲಿಸ್ಟ್ ಮಾರ್ಲೆನ್ ರೊಯ್ಸರ್ ಬೆಳೆದದ್ದು ಅಲ್ಲೇ, ರೈತರ ಮನೆಯಲ್ಲಿ. 1991ರ ಸೆಪ್ಟೆಂಬರಿನಲ್ಲಿ ಹುಟ್ಟಿದವಳು. ಬರ್ನ್‌ನಲ್ಲೇ ವೈದ್ಯಕೀಯ ಓದಿ ಡಾಕ್ಟರ್ ಆದಳು, ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ರೇಸಿಗೆ ಬಂದದ್ದು ಇಪ್ಪತ್ತೈದು ದಾಟಿದ ಮೇಲೆ. 2017ರಲ್ಲಿ ಸ್ವಿಸ್ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದಾಗ ಸೈಕ್ಲಿಂಗ್ ಜಗತ್ತಿಗೆ ಅವಳ ಹೆಸರೇ ಗೊತ್ತಿರಲಿಲ್ಲ. ಆಸ್ಪತ್ರೆ ಬಿಟ್ಟು ಪೂರ್ತಿ ಸೈಕಲ್ ಹಿಡಿದದ್ದು 27ನೇ ವಯಸ್ಸಿನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನ ಟೈಮ್ ಟ್ರಯಲ್‌ನಲ್ಲಿ, 2021ರ ಜುಲೈನಲ್ಲಿ, ನೆದರ್‌ಲೆಂಡ್ಸ್‌ನ ಅನೆಮಿಕ್ ಫಾನ್ ಫ್ಲೂಟನ್ ಹಿಂದೆ ಬೆಳ್ಳಿ. ವಿಶ್ವ ಚಾಂಪಿಯನ್ ಆದದ್ದು 2025ರ ಸೆಪ್ಟೆಂಬರ್ 21ರಂದು, ರುವಾಂಡಾದ ಕಿಗಾಲಿಯಲ್ಲಿ. ಹಿಂದಿನ ದಿನವಷ್ಟೇ 34 ತುಂಬಿತ್ತು.

ಇಷ್ಟು ಓದಿ ನಿನ್ನ ಎದೆ ಹಾರಿರಬೇಕು. ಸ್ವಲ್ಪ ತಡಿ. ಇಪ್ಪತ್ತಾರು ತಡವಲ್ಲ ಅನ್ನುವುದಕ್ಕೆ ಅವಳು ಸಾಕ್ಷಿ, ಖರೆ. ಆದರೆ ಅವಳಿಗೆ ತನ್ನ ಊರಿತ್ತು, ತನ್ನ ಭಾಷೆಯಿತ್ತು, ಸೋತರೆ ಮರಳಿ ಹೋಗಲು ಡಾಕ್ಟರ್ ಕೆಲಸವಿತ್ತು. ನೀನು ಇವತ್ತು ಬ್ರೆಡ್ ಕೊಳ್ಳುವಾಗಲೂ ಬೆರಳು ತೋರಿಸಬೇಕು. ನಾಲ್ಕು ವರ್ಷದಿಂದ ರೇಸಿಗೆ ಇಳಿದಿಲ್ಲ ಅಂತ ನೀನೇ ಬರೆದಿದ್ದೀಯ. ದೊಡ್ಡ ತಂಡ ನಿನ್ನನ್ನು ಕರೆಯುತ್ತದೆ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

ಈ ಉದ್ಯೋಗದ ಒಳಗು ಹೇಗಿದೆ ಅನ್ನುವುದನ್ನೂ ಕೇಳು. ಟೈಮ್ ಟ್ರಯಲ್ ಸ್ಪೆಷಲಿಸ್ಟ್ ಅಂತ ಹೆಸರಿದ್ದರೂ ವರ್ಷದಲ್ಲಿ ಟೈಮ್ ಟ್ರಯಲ್ ಸಿಗುವುದು ಬೆರಳೆಣಿಕೆಯ ದಿನ. ದಿನಕ್ಕೊಂದು ಹಂತದಂತೆ ಹಲವು ದಿನ ನಡೆಯುವ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನಲ್ಲಿ 2022ರಲ್ಲೂ ಒಂದಿರಲಿಲ್ಲ, 2025ರಲ್ಲೂ ಇರಲಿಲ್ಲ. ಉಳಿದ ದಿನವೆಲ್ಲ ತಂಡದ ನಾಯಕಿಗಾಗಿ ಮುಂದೆ ನಿಂತು ಗಾಳಿ ಸೀಳುವುದೇ ಕೆಲಸ. ನಿನಗೆ ಇದು ಗೊತ್ತು: ಬಯಲಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದರೆ ಕಾಲಿನ ಶಕ್ತಿಯ ಬಹುಪಾಲನ್ನು ಗಾಳಿಯೇ ತಿನ್ನುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟರಷ್ಟು. ಒಬ್ಬಳೇ ಆ ಗಾಳಿ ತಡೆಯಬಲ್ಲವಳ ಹಿಂದೆ ಇಡೀ ತಂಡ ಮರೆಯಲ್ಲಿ ಹೋಗುತ್ತದೆ. ಅದಕ್ಕೇ ಇಂಥವರಿಗೆ ಕೆಲಸ ಸಿಗುತ್ತದೆ. ಆದರೆ ಆ ದುಡಿಮೆ ಫಲಿತಾಂಶದ ಪಟ್ಟಿಯಲ್ಲಿ ಕಾಣುವುದಿಲ್ಲ.

ದುಡ್ಡಿನ ಮಾತು. ಮಹಿಳೆಯರ ಮೇಲ್ದರ್ಜೆಯ ತಂಡಗಳಲ್ಲಿ ಕನಿಷ್ಠ ಸಂಬಳ ಅಂತ ಒಂದು ಬಂದದ್ದೇ 2020ರಲ್ಲಿ: ವರ್ಷಕ್ಕೆ 15,000 ಯೂರೊ. 2023ಕ್ಕೆ ಅದು 32,102 ಆಯಿತು. ನಿಮ್ಮ ಮನೆಯ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ನೋಡು, ಉಳಿದದ್ದು ನಿನಗೇ ತಿಳಿಯುತ್ತದೆ. ಒಪ್ಪಂದ ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಅದೇ 2020ರ ಅಕ್ಟೋಬರಿನಲ್ಲಿ ರೊಯ್ಸರ್ ಇದ್ದ ತಂಡವೇ ಹಣವಿಲ್ಲದೆ ಮುಚ್ಚಿಹೋಯಿತು. ಅದಕ್ಕೆ ಕೆಲವೇ ವಾರ ಮೊದಲು ಅವಳು ಇಟಲಿಯ ಇಮೋಲಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದಿದ್ದಳು.

ಈಗ ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. 2023ರ ಬೇಸಿಗೆ. ಜುಲೈ 30ರಂದು ಫ್ರಾನ್ಸಿನ ಪೋ ಪಟ್ಟಣದಲ್ಲಿ ಟೂರ್‌ನ ಕೊನೆಯ ಹಂತ, 22.6 ಕಿಲೋಮೀಟರ್ ಟೈಮ್ ಟ್ರಯಲ್. ರೊಯ್ಸರ್ ಗೆದ್ದಳು. ಆಗಸ್ಟ್ 8ರಂದು ಸ್ಕಾಟ್‌ಲೆಂಡಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ವಿಸ್ ಗಂಡಸರು ಹೆಂಗಸರು ಸೇರಿ ಓಡಿಸುವ ಮಿಶ್ರ ರಿಲೇಯಲ್ಲಿ ಚಿನ್ನ, ಆ ತಂಡದಲ್ಲೂ ಅವಳು. ಎರಡು ದಿನ ಕಳೆದು ಸ್ಟರ್ಲಿಂಗ್‌ನಲ್ಲಿ ಅವಳದೇ ಸ್ಪರ್ಧೆ, ವೈಯಕ್ತಿಕ ಟೈಮ್ ಟ್ರಯಲ್. ಗೆಲ್ಲುವವಳು ಅಂತ ಎಲ್ಲರ ಬಾಯಲ್ಲೂ ಅವಳ ಹೆಸರೇ. ನಾನು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಅರ್ಧ ದಾರಿಯಲ್ಲಿ ಅವಳು ಪೆಡಲ್ ನಿಲ್ಲಿಸಿದಳು. ಸೈಕಲ್ ಕೆಟ್ಟಿರಲಿಲ್ಲ, ಬಿದ್ದಿರಲಿಲ್ಲ. ಇಳಿದಳು, ರಸ್ತೆ ಬದಿಗೆ ಹೋಗಿ ಕೂತುಬಿಟ್ಟಳು. ಮನಸ್ಸು ಪೂರ್ತಿ ಬಳಲಿತ್ತು ಅಂತ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು.

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಯಾಕೆ ಅಷ್ಟು ತಟ್ಟಿತು ಅಂತ ನಿನಗೆ ಹೇಳಬೇಕು. ಇಲ್ಲಿಗೆ ಬಂದ ಎರಡನೇ ವರ್ಷ ನಾನೂ ಹಾಗೆ ಕೂತುಬಿಟ್ಟಿದ್ದೆ. ಊರಲ್ಲಿ ಎಂ.ಎಸ್ಸಿ. ಮಾಡಿ ಆರು ವರ್ಷ ಪ್ರಯೋಗಾಲಯದಲ್ಲಿ ದುಡಿದವಳು ನಾನು. ಇಲ್ಲಿಯ ಒಂದು ಕಚೇರಿಯಲ್ಲಿ ನನ್ನ ಕಾಗದಗಳನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿ, ಇವು ಇಲ್ಲಿ ನಡೆಯುವುದಿಲ್ಲ, ಮೊದಲಿನಿಂದ ಶುರು ಮಾಡಿ ಅಂದರು. ಹೊರಗೆ ಬಂದೆ, ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತೆ. ಟ್ರಾಮ್ ಬಂತು, ಹೋಯಿತು, ಮತ್ತೊಂದು ಬಂತು. ಏಳಲಾಗಲಿಲ್ಲ. ಊರಿಗೆ ಫೋನ್ ಮಾಡಿದರೆ ಅವ್ವ ಕೇಳುವುದು ಒಂದೇ, "ಆರಾಮ ಅದೀಯಿಲ್ಲೊ?" ಆರಾಮ ಅಂದೆ. ಇಷ್ಟು ವರ್ಷ ಆ ಸುಳ್ಳಿನ ಬಗ್ಗೆ ಯಾರಿಗೂ ಹೇಳಿರಲಿಲ್ಲ.

ರೊಯ್ಸರ್ ಎದ್ದಳು. ಮರುತಿಂಗಳೇ ನೆದರ್‌ಲೆಂಡ್ಸ್‌ನಲ್ಲಿ ಯುರೋಪಿಯನ್ ಟೈಮ್ ಟ್ರಯಲ್ ಗೆದ್ದಳು. ಮುಂದಿನ ವರ್ಷ ಬೆಲ್ಜಿಯಂನ ಒಂದು ರೇಸಿನಲ್ಲಿ ಬಿದ್ದು ದವಡೆ ಮುರಿಯಿತು, ಆಮೇಲೆ ಬೇಗ ವಾಸಿಯಾಗದ ಕಾಯಿಲೆ, ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು. ಕಿಗಾಲಿಯ ಚಿನ್ನ ಬಂದದ್ದು ಇದೆಲ್ಲ ಆದ ಮೇಲೆ, 1,500 ಮೀಟರ್ ಎತ್ತರದ ಊರಿನ ಏರುದಾರಿಗಳಲ್ಲಿ. ನಾಲ್ಕು ತಿಂಗಳಿಂದ ಕಿಟಕಿಯಲ್ಲಿ ನಿಂತಿರುವ ನೀನು ಸೋತವಳಲ್ಲ ತಂಗಿ. ದಣಿದಿದ್ದೀಯ. ದಣಿದಿದ್ದೇನೆ ಅಂತ ಗಂಡನಿಗೆ ಬಾಯಿಬಿಟ್ಟು ಹೇಳು, ಅವ್ವನಿಗೂ ಹೇಳು. ನಾನು ಹೇಳದೆ ಎರಡು ವರ್ಷ ಹಾಳು ಮಾಡಿಕೊಂಡೆ.

ಪ್ರೊಫೆಷನಲ್ ಆಗದಿದ್ದರೆ ಸೈಕಲ್ಲೇ ಬೇಡ ಅನ್ನುವ ಮಾತು ನಿನ್ನ ಪತ್ರದಲ್ಲಿ ಎರಡು ಕಡೆ ಇದೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅನ್ನಾ ಕೀಸೆನ್‌ಹೋಫರ್ ಹೆಸರು ಕೇಳಿದ್ದೀಯಾ? ಆಸ್ಟ್ರಿಯಾದವಳು, ಗಣಿತದಲ್ಲಿ ಡಾಕ್ಟರೇಟ್ ಮಾಡಿದವಳು. ನಮ್ಮ ಹಾಗೆಯೇ ಕೆಲಸಕ್ಕೆಂದು ಪರದೇಶದಿಂದ ಬಂದು ಇಲ್ಲಿಯ ಲೊಸಾನ್ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಕೆಲಸ ಮಾಡುತ್ತಿದ್ದಳು. ತನ್ನ ದೇಶದ ಟೈಮ್ ಟ್ರಯಲ್ ಚಾಂಪಿಯನ್, ಆದರೆ 2021ರಲ್ಲಿ ಅವಳಿಗೆ ಯಾವ ಪ್ರೊಫೆಷನಲ್ ತಂಡವೂ ಇರಲಿಲ್ಲ. ತರಬೇತಿಯ ಲೆಕ್ಕವನ್ನೆಲ್ಲ ತಾನೇ ಹಾಕಿಕೊಳ್ಳುತ್ತಿದ್ದಳು. ಟೋಕಿಯೊ ಒಲಿಂಪಿಕ್ಸ್‌ನ ರೋಡ್ ರೇಸ್, ಎಲ್ಲರೂ ಒಟ್ಟಿಗೆ ಹೊರಡುವ ಸ್ಪರ್ಧೆ, 137 ಕಿಲೋಮೀಟರ್. ಶುರುವಿನಲ್ಲೇ ಮುಂದಕ್ಕೆ ನುಗ್ಗಿದಳು, ಜೊತೆಗಿದ್ದವರನ್ನು ಆಮೇಲೆ ಹಿಂದೆ ಬಿಟ್ಟು ಒಬ್ಬಳೇ ಹೋದಳು. ಟೈಮ್ ಟ್ರಯಲ್ ಕಲಿತವಳಿಗೆ ಒಂಟಿ ರಸ್ತೆಯ ಭಯವಿಲ್ಲವಲ್ಲ. ಹಿಂದಿನ ಗುಂಪು ಅವಳನ್ನು ಮರೆತೇಬಿಟ್ಟಿತ್ತು. ಎರಡನೆಯವಳಾಗಿ ಗೆರೆ ದಾಟಿದ ಫಾನ್ ಫ್ಲೂಟನ್ ತಾನೇ ಗೆದ್ದೆನೆಂದು ಎರಡೂ ಕೈ ಎತ್ತಿದ್ದಳು.

ನಿನಗೆ ಒಲಿಂಪಿಕ್ಸ್ ಸಿಗುತ್ತದೆ ಅಂತ ಇದನ್ನು ಹೇಳುತ್ತಿಲ್ಲ. ಕೆಲಸ, ಮನೆ, ಸೈಕಲ್ ಮೂರೂ ಒಂದೇ ಬದುಕಿನಲ್ಲಿ ಇರಬಹುದು. ಈ ದೇಶದಲ್ಲಿ ಹಾಗೆ ಬದುಕುವವರು ಬಹಳ ಜನ ಇದ್ದಾರೆ.

ನಮ್ಮ ಕ್ಲಬ್ಬಿನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬುಧವಾರ ಸಂಜೆ ಟೈಮ್ ಟ್ರಯಲ್ ಇರುತ್ತದೆ. ನಾನು ಸೈಕಲ್ ಕಲಿತದ್ದೇ ಮೂವತ್ತೆಂಟಕ್ಕೆ, ರೇಸ್ ಹೊಡೆಯುವವಳಲ್ಲ. ನನ್ನ ಕೆಲಸ ಸೀಟು ಹಿಡಿಯುವುದು. ಸವಾರರು ಒಂದು ನಿಮಿಷಕ್ಕೊಬ್ಬರಂತೆ ಹೊರಡುತ್ತಾರೆ. ಕಾಲು ನೆಲಕ್ಕಿಡದೆ ಎರಡೂ ಶೂ ಪೆಡಲ್ಲಿಗೆ ಸಿಕ್ಕಿಸಿ ನಿಲ್ಲಬೇಕು, ಹಿಂದಿನಿಂದ ನಾನು ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಸೈಕಲ್ ನೆಟ್ಟಗಿಡುತ್ತೇನೆ. ಕೊನೆಯ ಹತ್ತು ಸೆಕೆಂಡಿನಲ್ಲಿ ಅವರ ಮೈಯ ನಡುಕ ಸೀಟಿನ ಮೂಲಕ ನನ್ನ ಅಂಗೈಗೆ ಬರುತ್ತದೆ. ಬ್ಯಾಂಕ್ ಮ್ಯಾನೇಜರ್ ಆಗಲಿ, ಬಡಗಿಯಾಗಲಿ, ಹದಿನಾರರ ಹುಡುಗಿಯಾಗಲಿ, ಎಲ್ಲರದೂ ಒಂದೇ ನಡುಕ. ಗಡಿಯಾರ ಹಿಡಿದವರು ಐದು ಬೆರಳು ತೋರಿಸಿ ಒಂದೊಂದೇ ಮಡಚುತ್ತಾರೆ. ನಾನು ತಳ್ಳುವ ಹಾಗಿಲ್ಲ, ಕೈ ಬಿಡಬೇಕು ಅಷ್ಟೆ. ಕಡ್ಡಿಗಳಿಲ್ಲದೆ ತಟ್ಟೆಯ ಹಾಗೆ ಮುಚ್ಚಿದ ಡಿಸ್ಕ್ ಚಕ್ರ ಇದ್ದರೆ ಡೋಲು ಉರುಳಿದಂಥ ಸದ್ದು ಮಾಡಿಕೊಂಡು ದೂರವಾಗುತ್ತದೆ.

ಭಾಷೆಯ ಕಥೆಯೂ ಅಲ್ಲೇ ಶುರುವಾಗುತ್ತದೆ. ಜರ್ಮನ್‌ನಲ್ಲೂ ನಮ್ಮ ನೀನು, ನೀವು ಇದೆ. ಕಚೇರಿಯಲ್ಲಿ, ಅಂಗಡಿಯಲ್ಲಿ ನೀವು. ಒಟ್ಟಿಗೆ ಸೈಕಲ್ ಹೊಡೆದವರು ಮೊದಲ ಸಂಜೆಯೇ ನೀನು ಅಂತಾರೆ. ಹತ್ತು ವರ್ಷ ಒಂದೇ ಕಟ್ಟಡದಲ್ಲಿದ್ದು ಸಿಗದ ಆ ನೀನು ನನಗೆ ಸೀಟು ಹಿಡಿದು ಸಿಕ್ಕಿತು. ತರಗತಿಗೆ ಹೋಗಲೇಬೇಕು, ಅದನ್ನು ತಪ್ಪಿಸಬೇಡ. ಆದರೆ ಅಲ್ಲಿ ಕಲಿಸುವುದು ಪುಸ್ತಕದ ಜರ್ಮನ್. ಬರ್ನ್‌ನವರು ಆಡುವ ಮಾತು ಕಿವಿಗೆ ಬೀಳುವುದು ಇಂಥ ಕಡೆ.

ಸೈಕಲ್ ಹೊಸದು ಕೊಳ್ಳಬೇಡ. ಇಲ್ಲಿ ಸೈಕಲ್ಲಿಗೆ ವೆಲೊ ಅಂತಾರೆ. ವಸಂತದಲ್ಲಿ ಹಳೆ ವೆಲೊಗಳ ಸಂತೆ ಸೇರುತ್ತದೆ, ನಾನೇ ಬರುತ್ತೇನೆ. ಟೈಮ್ ಟ್ರಯಲ್ ಸೈಕಲ್ ಸದ್ಯಕ್ಕೆ ಬೇಕಿಲ್ಲ, ಸಾದಾ ರೇಸಿಂಗ್ ಸೈಕಲ್ಲಿಗೆ ಮೊಣಕೈ ಊರುವ ಹ್ಯಾಂಡಲ್ ಹಾಕಿಸಿದರೆ ಸಾಕು. ಮೊದಲ ತಿಂಗಳು ಗಡಿಯಾರ ನೋಡಬೇಡ. ನಾಲ್ಕು ವರ್ಷ ಬಿಟ್ಟ ಕಾಲು ಮೊದಲ ಐದು ನಿಮಿಷ ಹುರುಪಿನಲ್ಲಿ ಓಡುತ್ತದೆ, ಆಮೇಲೆ ಉಸಿರೇ ಸಿಗುವುದಿಲ್ಲ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಇಲ್ಲಿಯ ಇಳಿಜಾರು ವಿಜಯಪುರದ ಬಯಲಲ್ಲ, ಬ್ರೇಕ್ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕು. ಗಾಳಿ ಮಾತ್ರ ನಿನಗೆ ಹೊಸದಾಗಲಾರದು. ಈಶಾನ್ಯದಿಂದ ಬರುವ ಚಳಿಗಾಳಿಗೆ ಇಲ್ಲಿಯವರು ಬೀಸೆ ಅಂತಾರೆ. ಮೊದಲ ಸಲ ಕೇಳಿದಾಗ ಕನ್ನಡವೇ ಅಂದುಕೊಂಡು ನಾನು ತಿರುಗಿ ನೋಡಿದ್ದೆ.

ಗಂಡನಿಗೆ ಬಿಡುವಿದ್ದರೆ ಈ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಜೋಳದ ಹಿಟ್ಟು ಮೊನ್ನೆ ಊರಿಂದ ಬಂದಿದೆ, ರೊಟ್ಟಿ ಬಡಿಯುತ್ತೇನೆ. ಊಟವಾದ ಮೇಲೆ ಬುಧವಾರದ ದಾರಿಯನ್ನು ನಕ್ಷೆಯಲ್ಲಿ ತೋರಿಸುತ್ತೇನೆ. ಹೆಲ್ಮೆಟ್ ನಮ್ಮಲ್ಲಿ ಹೆಚ್ಚಿನದಿದೆ. ಊರಿಂದ ಬರುವಾಗ ನಿನ್ನ ರೇಸಿನ ಶೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದೀಯಾ? ಅದರ ಅಡಿಯಲ್ಲಿ ಪೆಡಲ್ಲಿಗೆ ಸಿಕ್ಕಿಸುವ ಕ್ಲೀಟ್ ಯಾವ ಬಗೆಯದು, ಎರಡು ಬೋಲ್ಟಿನದೋ ಮೂರರದೋ ನೋಡಿ ಬರಿ. ಪೆಡಲ್ ಹೊಂದಿಸಿ ಇಡುತ್ತೇನೆ.