ಸೈಕಲ್ ಅಟ್ಟದ ಮೇಲೆ, ಮನಸ್ಸೂ ಅಲ್ಲೇ

ದೀಪಾವಳಿ ಮುಗಿಯುತ್ತಿದ್ದ ಹಾಗೆ ಮಕ್ಕಳ ಹವ್ಯಾಸಕ್ಕೂ ಓದಿಗೂ ಜಗಳ ಬಿದ್ದ ಒಂದೆರಡು ಮನೆಯವರು ಸಲಹೆ ಕೇಳಲು ನನ್ನ ಹತ್ತಿರ ಬಂದೇ ಬರುತ್ತಾರೆ. ಒಬ್ಬನದ್ದು ಕ್ರಿಕೆಟ್, ಇನ್ನೊಬ್ಬಳದ್ದು ಯಕ್ಷಗಾನ. ಈ ಹುಡುಗನದ್ದು ಬಿಎಂಎಕ್ಸ್, ಅಂದರೆ ಚಿಕ್ಕ ಚಕ್ರದ ಗಟ್ಟಿ ಸೈಕಲ್ಲಿನಲ್ಲಿ ದಿಬ್ಬ ಹಾರುವ, ಕಸರತ್ತು ಮಾಡುವ ಆಟ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ದ್ವಿತೀಯ ಪಿಯುಸಿ, ಸೈನ್ಸ್. ಕಾಲೇಜಿನ ಪರೀಕ್ಷೆಯಲ್ಲಿ ಫಿಸಿಕ್ಸ್ 70ಕ್ಕೆ 19 ಬಂತು. ತಂದೆ ಸೈಕಲ್ಲನ್ನು ಅಟ್ಟಕ್ಕೇರಿಸಿ ಬೀಗ ಹಾಕಿದರು. ಮೂರು ವಾರವಾದರೂ ಓದು ಮುಂದೆ ಹೋಗಿರಲಿಲ್ಲ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಮಣ್ಣಿನ ದಿಬ್ಬವೆಲ್ಲ ಕೆಸರು, ಅಂಗಳದ ತುಂಬ ಪಾಚಿ. ನೆಲ ಒಣಗಿ ಸೈಕಲ್ ತುಳಿಯುವ ಹಾಗಾಗುವುದು, ಓದು ಜೋರಾಗಬೇಕಾದ ಹೊತ್ತಿಗೇ. ನಾಲ್ಕು ತಿಂಗಳು ಕಾದ ಹುಡುಗನಿಗೆ ಆಗ ಬೀಗ ತೋರಿಸಿದರೆ ಹೇಗಾಗಬೇಡ?

ಎರಡನೇ ಸಲ ತಂದೆ, ಮಗ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. "ಸೈಕಲ್ ಸಮೇತ ನೆಲದಿಂದ ಹಾರ್ತೀರಲ್ಲ, ಆ 'ಬನ್ನಿ ಹಾಪ್' ಟ್ರಿಕ್ ಹೇಗೆ, ನನಗೆ ಹೇಳಿಕೊಡು" ಎಂದೆ. ಅಲ್ಲಿತನಕ ನೆಲ ನೋಡುತ್ತಿದ್ದವನು ಮೇಜಿನ ಮೇಲಿದ್ದ ನನ್ನ ಕನ್ನಡಕದ ಡಬ್ಬಿ ಎತ್ತಿಕೊಂಡ. "ಮೊದಲು ಮುಂದಿನ ಚಕ್ರ ಏಳಬೇಕು ಮೇಡಂ, ಸೊಂಟ ಹಿಂದೆ. ಆಮೇಲೆ ಹ್ಯಾಂಡಲ್ ಮುಂದಕ್ಕೆ ತಳ್ಳಬೇಕು, ಪಾದದಲ್ಲಿ ಪೆಡಲ್ ಹಿಂದಕ್ಕೆ ಒತ್ತಿದ್ರೆ ಹಿಂದಿನ ಚಕ್ರ ತಾನೇ ಮೇಲೆ ಬರುತ್ತೆ." ಡಬ್ಬಿ ಮೇಜಿನಿಂದ ಎದ್ದು ಮೆತ್ತಗೆ ಇಳಿಯಿತು.

ತಂದೆ ಡಬ್ಬಿಯನ್ನು ನೋಡಲಿಲ್ಲ, ಮಗನ ಮಣಿಕಟ್ಟನ್ನೇ ನೋಡುತ್ತಿದ್ದರು. "ಕೈ ಮುರಿದುಕೊಂಡ್ರೆ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯೋರು ಯಾರು?" ಎಂದರು. ಮೂರು ವಾರದಿಂದ ಮನೆಯಲ್ಲಿ ಬರೀ ಮಾರ್ಕ್ಸಿನ ಜಗಳ ನಡೆದಿತ್ತು. ಈ ಮಾತು ಮಗ ಕೇಳಿದ್ದು ಅದೇ ಮೊದಲು.

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿತು. ಬೀಗ ತೆಗೆಯಿರಿ. ದಿನಾ ಸಂಜೆ ಮುಕ್ಕಾಲು ಗಂಟೆ, ಹೆಲ್ಮೆಟ್, ಗ್ಲೌಸ್ ಹಾಕಿ, ಸಮತಟ್ಟು ನೆಲದಲ್ಲಿ ಮಾತ್ರ. ಪರೀಕ್ಷೆ ಮುಗಿಯುವ ತನಕ ದಿಬ್ಬ ಹಾರುವುದು, ಹೊಸ ಟ್ರಿಕ್ ಕಲಿಯುವುದು ಬೇಡ. ಬೀಳುವಾಗ ಅಂಗೈ ಊರುತ್ತೇವಲ್ಲ, ಆಗ ಹೆಬ್ಬೆರಳ ಬುಡದ ಹತ್ತಿರದ ಸಣ್ಣ ಮೂಳೆ ಮುರಿದರೆ ವಾರಗಟ್ಟಲೆ ಪಟ್ಟಿ. ಇದನ್ನು ಹುಡುಗನಿಗೂ ನೇರವಾಗಿಯೇ ಹೇಳಿದೆ.

"ಮತ್ತೆ ಬರೆಯೋಕೆ ಪರೀಕ್ಷೆ 2 ಇದೆಯಲ್ಲ" ಎಂದ. ಇದೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ ಎನ್ನುವುದೂ ನಿಜ. ಆದರೆ ಅದನ್ನು ನಂಬಿಕೊಂಡು ಮೊದಲನೆಯದನ್ನು ಕೈಬಿಡಲು ನಾನು ಒಪ್ಪಲಿಲ್ಲ.

ಸೈಕಲ್ ವಾಪಸ್ ಕೊಡಿಸಿದ್ದು ತಪ್ಪು ಎಂದು ಪರಿಚಯದ ಲೆಕ್ಚರರ್ ಒಬ್ಬರು ಸಿಟ್ಟಾದರು. ಬಿಎಂಎಕ್ಸ್ ರೇಸ್ 2008ರಿಂದ ಒಲಿಂಪಿಕ್ಸ್‌ನಲ್ಲಿದೆ, ನಿಜ. ಆದರೆ ನಾನು ಸೈಕಲ್ ಕೊಡಿಸಿದ್ದು ಪದಕದ ಆಸೆಗಲ್ಲ. "ಓಡಿಸ್ತಿದ್ದಾಗ ಪುಸ್ತಕ ತೆಗೆದ್ರೆ ಪುಸ್ತಕ ಕಾಣ್ತಿತ್ತು. ಈಗ ಅಟ್ಟ ಕಾಣುತ್ತೆ" ಎಂದು ಹುಡುಗ ಹೇಳಿದ್ದ. ಇಷ್ಟದ್ದನ್ನು ಕಿತ್ತುಕೊಂಡು ಓದಿಸಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಸಮಯ, ಜಾಗ, ಮಿತಿಯ ಮಾತನ್ನು ಜೂನ್‌ನಲ್ಲೇ ಆಡಿ. ನಿಮ್ಮ ಭಯ ಏನು ಅಂತಲೂ ಹೇಳಿ.

ಜನವರಿಯಲ್ಲಿ ತಂದೆಯ ಫೋನ್ ಬಂತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ನಿಂತಿದ್ದರು. "ಗ್ಲೌಸ್ ಯಾವ ಸೈಜ್ ತಗೊಳ್ಲಿ ಮೇಡಂ?"

ಮಗನಿಗೇ ಫೋನ್ ಮಾಡಿ ಕೇಳಿ ಎಂದೆ.