ಬೆಳಗಾವಿಯ ಸಣ್ಣ ವರ್ಕ್‌ಶಾಪ್‌ಗೆ 20 ಲಕ್ಷದೊಳಗೆ ಯಾವ ವಿಎಂಸಿ ತಗೊಳ್ಳಬಹುದು?

ನಮಸ್ಕಾರ ಸರ್. ಬೇರೆಯವರು ಓದಿದರೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಉದ್ಯಮಬಾಗದಲ್ಲಿ ನಿಮ್ಮದು ಎರಡು ಲೇಥ್, ಕೈಯಿಂದ ಓಡಿಸುವ ಒಂದು ಎಂ1ಟಿಆರ್ ಮಿಲ್ಲಿಂಗ್ ಮಷೀನು ಇರುವ ವರ್ಕ್‌ಶಾಪ್. ಹೈಡ್ರಾಲಿಕ್ ಮ್ಯಾನಿಫೋಲ್ಡ್ ಬ್ಲಾಕ್ (ಎಣ್ಣೆ ಹರಿಯಲು ಒಳಗೆ ತೂತು ಕೊರೆದ ಲೋಹದ ತುಂಡು) ಮಾಡುತ್ತೀರಿ, ಜೊತೆಗೆ ಒಂದಿಷ್ಟು ಸಿಐ (ಬೀಡು ಕಬ್ಬಿಣ) ಕಾಸ್ಟಿಂಗ್ ಜಾಬು. ವಿಎಂಸಿ (ಪ್ರೋಗ್ರಾಂ ಹಾಕಿದರೆ ತಾನೇ ಕೊರೆದು ಕಟ್ ಮಾಡುವ ಕಂಪ್ಯೂಟರ್ ಮಿಲ್ಲಿಂಗ್ ಮಷೀನು) ಕೆಲಸವನ್ನೆಲ್ಲ ಹೊರಗೆ ಮಾಡಿಸುತ್ತೀರಿ, ಅದಕ್ಕೇ ತಿಂಗಳಿಗೆ 70 ಸಾವಿರದ ಹತ್ತಿರ ಹೋಗುತ್ತಿದೆ. ಬಜೆಟ್ 20 ಲಕ್ಷದೊಳಗೆ ಇರಬೇಕು, ತೀರಾ ಅನಿವಾರ್ಯ ಆದರೆ ಬ್ಯಾಂಕ್ ಸಾಲ. ಕಣ್ಣ ಮುಂದೆ ನಾಲ್ಕು ದಾರಿ ಇವೆ. ಎಂ1ಟಿಆರ್‌ಗೇ ಸಿಎನ್‌ಸಿ ಕಿಟ್ ಹಾಕಿಸುವುದು, 5 ಲಕ್ಷ. ಹೊರದೇಶದಿಂದ ತರಿಸಿದ ಹೊಸ ಸಣ್ಣ ಬಿಟಿ30 ಮಷೀನು, 14 ಲಕ್ಷ (ಬಿಟಿ ಅಂದರೆ ಟೂಲ್ ಹೋಲ್ಡರಿನ ಅಳತೆ, 30 ಸಣ್ಣದು, 40 ದೊಡ್ಡದು). 12 ವರ್ಷ ಓಡಿರುವ ತೈವಾನಿನ ಬಿಟಿ40 ವಿಎಂಸಿ, ಫ್ಯಾನುಕ್ ಕಂಟ್ರೋಲರ್ (ಮಷೀನನ್ನು ಓಡಿಸುವ ಕಂಪ್ಯೂಟರ್), 11 ಲಕ್ಷ. ಬೆಂಗಳೂರಿನಲ್ಲೇ ತಯಾರಾಗುವ ಹೊಸ ಬಿಟಿ40, 28 ಲಕ್ಷ, ಜಿಎಸ್‌ಟಿ ಬೇರೆ.

ನಾನು ಪೀಣ್ಯದಲ್ಲಿ ಜಾಬ್‌ವರ್ಕ್ ಶಾಪ್ ನಡೆಸುತ್ತೇನೆ. ನೇರವಾಗಿ ಹೇಳುವುದಾದರೆ, ಆ ತೈವಾನ್ ಮಷೀನನ್ನು ಚೆನ್ನಾಗಿ ಪರೀಕ್ಷೆ ಮಾಡಿ ತಗೊಳ್ಳಿ. ಪರೀಕ್ಷೆಯಲ್ಲಿ ಅದು ಸರಿ ಬರದಿದ್ದರೆ ಅಂಥದ್ದೇ ಇನ್ನೊಂದು ಸಿಗುವವರೆಗೆ ಕಾಯಿರಿ. ಈಗ ಹೊರಗೆ ಕೊಡುತ್ತಿರುವ ಕೆಲಸ ಇನ್ನೊಂದಷ್ಟು ತಿಂಗಳು ಹೊರಗೇ ಹೋದರೂ ನಷ್ಟ ಇಲ್ಲ.

ಮುಖ್ಯವಾದ ಲೆಕ್ಕ ನಿಮ್ಮ ಪ್ರಶ್ನೆಯಲ್ಲೇ ಇದೆ, ಆ 70 ಸಾವಿರ. ಗಂಟೆಗೆ 400 ರೂಪಾಯಿ ಅಂತ ಹಿಡಿದರೆ ಅದು 175 ಗಂಟೆ ಕೆಲಸ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಅಂದರೆ ಒಂದು ಶಿಫ್ಟಿಗೆ 200 ಗಂಟೆ. ಅದರಲ್ಲಿ ಸೆಟ್ಟಿಂಗ್, ಟೂಲ್ ಬದಲಾಯಿಸುವುದು, ಮೆಟೀರಿಯಲ್‌ಗೆ ಕಾಯುವುದು ಎಲ್ಲ ಕಳೆಯಬೇಕು. ಹಾಗಾಗಿ ನಿಮ್ಮ ಕೈಯಲ್ಲಿ ಈಗಿರುವುದು ಒಂದು ಶಿಫ್ಟ್ ತುಂಬುವಷ್ಟು ಲೋಡ್. ಹೊಸ ಮಷೀನಿಗೆ 25 ಲಕ್ಷ ಸಾಲ ಮಾಡಿದಿರಿ ಅಂದುಕೊಳ್ಳಿ. ಶೇ. 11 ಬಡ್ಡಿ, ಐದು ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 54 ಸಾವಿರ. ಉಳಿಯುವ 16 ಸಾವಿರದಲ್ಲಿ ಒಬ್ಬ ಒಳ್ಳೆ ಆಪರೇಟರ್ ಸಂಬಳವೂ ಹುಟ್ಟುವುದಿಲ್ಲ. ಕರೆಂಟು, ಇನ್ಸರ್ಟು, ಕೂಲಂಟು ಇನ್ನೂ ಬಾಕಿ ಇವೆ. ಅದೇ ಹಳೆ ಮಷೀನಿಗೆ 5 ಲಕ್ಷ ಸಾಲ ಸಾಕು, ಕಂತು 11 ಸಾವಿರದೊಳಗೆ ಮುಗಿಯುತ್ತದೆ. ಖರ್ಚೆಲ್ಲ ಕಳೆದು ಕೈಯಲ್ಲಿ ಸ್ವಲ್ಪ ಉಳಿಯುತ್ತದೆ, ಕೆಲಸ ಕಡಿಮೆಯಾದ ತಿಂಗಳಲ್ಲೂ ನಿದ್ದೆ ಕೆಡುವುದಿಲ್ಲ.

ಮಷೀನ್ ಬಂದರೆ ಕೆಲಸ ತಾನಾಗೇ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಬರಬಹುದು. ಆದರೆ ಕಂತು ಅದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಅದೂ ಅಲ್ಲದೆ ಬಿಲ್ ದುಡ್ಡು ಯಾವಾಗ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಆದರೂ ಮೂರು ತಿಂಗಳು ಕಾಯಿಸುವವರು ಇದ್ದೇ ಇದ್ದಾರೆ, ಅವರನ್ನು ಬಿಟ್ಟರೆ ಆರ್ಡರೂ ಹೋಗುತ್ತದೆ ಅಂತ ನಾವು ಸುಮ್ನೆ ಇರುತ್ತೇವೆ. ಎರಡನೇ ಶಿಫ್ಟ್ ತುಂಬುವಷ್ಟು ಆರ್ಡರ್ ಲಿಖಿತವಾಗಿ ಕೈಯಲ್ಲಿದ್ದರೆ ಹೊಸ ಮಷೀನಿನ ಮಾತೇ ಬೇರೆ. ಆಗ ಕಣ್ಣು ಮುಚ್ಚಿ ಹೊಸದಕ್ಕೇ ಹೋಗಿ.

ಇನ್ನು ಕಿಟ್ ಹಾಕಿಸುವ ಯೋಚನೆಯನ್ನು ಬಿಟ್ಟುಬಿಡಿ. ಎಂ1ಟಿಆರ್ ಒಳ್ಳೆ ಮಷೀನು, ಅದನ್ನು ಇದ್ದ ಹಾಗೇ ಇಟ್ಟುಕೊಳ್ಳಿ. ಅದರ ಲೀಡ್ ಸ್ಕ್ರೂನಲ್ಲಿ ಆಟ ಇರುತ್ತದೆ. ಬಾಲ್ ಸ್ಕ್ರೂ ಹಾಕಿಸಿದರೂ ಟೂಲನ್ನು ಕೈಯಲ್ಲೇ ಬದಲಾಯಿಸಬೇಕು. ಒಂದು ಮ್ಯಾನಿಫೋಲ್ಡ್ ಬ್ಲಾಕಿಗೆ ಸೆಂಟರ್ ಡ್ರಿಲ್, ನಾಲ್ಕೈದು ಸೈಜಿನ ಡ್ರಿಲ್, ಕ್ಯಾವಿಟಿ ಟೂಲ್, ಟ್ಯಾಪ್, ಚಾಂಫರ್ ಅಂತ ಎಷ್ಟು ಟೂಲ್ ಬೇಕು ಲೆಕ್ಕ ಹಾಕಿ. ಎಟಿಸಿ, ಅಂದರೆ ಟೂಲನ್ನು ತಾನೇ ಬದಲಾಯಿಸುವ ವ್ಯವಸ್ಥೆ, ಇಲ್ಲದಿದ್ದರೆ ಆಪರೇಟರ್ ದಿನವಿಡೀ ಸ್ಪ್ಯಾನರ್ ಹಿಡಿದುಕೊಂಡೇ ಇರಬೇಕಾಗುತ್ತದೆ.

ಬಿಟಿ30 ಮಷೀನು ಕೆಟ್ಟದ್ದಲ್ಲ. ಅಲ್ಯೂಮಿನಿಯಂ ಜಾಬಿಗೆ, ಸಣ್ಣ ಡ್ರಿಲ್ಲಿಂಗ್ ಟ್ಯಾಪಿಂಗ್‌ಗೆ ಅದರ ವೇಗಕ್ಕೆ ಸಾಟಿ ಇಲ್ಲ. ನಿಮ್ಮ ಕೆಲಸಕ್ಕೆ ಮಾತ್ರ ಅದು ಹೊಂದುವುದಿಲ್ಲ. ಟೂಲನ್ನು ತಿರುಗಿಸುವ ಸ್ಪಿಂಡಲ್ ಒಳಗೆ ಕೂರುವ ಹೋಲ್ಡರಿನ ಶಂಕುವಿನಾಕಾರದ ಭಾಗಕ್ಕೆ ಟೇಪರ್ ಅನ್ನುತ್ತೇವೆ. ಬಿಟಿ30 ಟೇಪರ್‌ನ ದೊಡ್ಡ ತುದಿ 31.75 ಎಂಎಂ, ಬಿಟಿ40ದು 44.45 ಎಂಎಂ. ಅದು ದೊಡ್ಡದಿದ್ದಷ್ಟೂ ಹಿಡಿತ ಗಟ್ಟಿ. ಕಾರ್ಟ್ರಿಡ್ಜ್ ವಾಲ್ವ್ ಕೂರುವ ಕ್ಯಾವಿಟಿಗೆ ನೀವು ಫಾರ್ಮ್ ಟೂಲ್ ಹಾಕುತ್ತೀರಿ, ಅಲ್ವಾ? ಅದು ಒಂದೇ ಏಟಿಗೆ ಮೂರು ನಾಲ್ಕು ಡಯಾಮೀಟರನ್ನು ಕಟ್ ಮಾಡುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಟಾರ್ಕ್ ಬೇಕು, ಹಿಡಿತವೂ ಗಟ್ಟಿ ಇರಬೇಕು. ಹಿಡಿತ ಸಾಲದಿದ್ದರೆ ಟೂಲ್ ನಡುಗುತ್ತದೆ, ಸೀಟಿನ ಮೇಲೆ ಚ್ಯಾಟರ್ ಗುರುತು ಬೀಳುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಆ ಗುರುತಿನಿಂದಲೇ ಪ್ರೆಷರ್ ಟೆಸ್ಟ್‌ನಲ್ಲಿ ಬ್ಲಾಕ್ ಲೀಕ್ ಆಗಿ ವಾಪಸ್ ಬರುತ್ತದೆ. ಜೊತೆಗೆ ಅದರ ಕಂಟ್ರೋಲರ್ ಹೆಸರನ್ನೇ ಬೆಳಗಾವಿಯಲ್ಲಿ ಯಾರೂ ಕೇಳಿಲ್ಲ ಅಂದಿದ್ದೀರಿ. ಅದೊಂದೇ ಕಾರಣ ಸಾಕು ಬಿಡುವುದಕ್ಕೆ.

ಈಗ ಹಳೆ ಮಷೀನನ್ನು ನೋಡುವುದು ಹೇಗೆ ಅನ್ನುವುದಕ್ಕೆ ಬರೋಣ. ಮೊದಲನೆಯದು, ಅದು ಓಡುತ್ತಿರುವ ಜಾಗದಲ್ಲೇ ನೋಡಿ. ಗೋಡೌನಿನಲ್ಲಿ ಹೊಸ ಪೇಂಟ್ ಹೊಡೆಸಿ ನಿಲ್ಲಿಸಿದ ಮಷೀನು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಬೆಳಗ್ಗೆಯೇ ಹೋಗಿ, ಮಷೀನ್ ತಣ್ಣಗಿರುವಾಗ ಆನ್ ಮಾಡಿಸಿ. ಬಿಸಿಯಾದ ಮೇಲೆ ಮುಚ್ಚಿಹೋಗುವ ಎಷ್ಟೋ ದೋಷಗಳು ಆಗ ಗೊತ್ತಾಗುತ್ತವೆ.

ಎಟಿಸಿಯಿಂದ ಒಂದೊಂದೇ ಟೂಲ್ ಹೋಲ್ಡರ್ ತೆಗೆಸಿ ಟೇಪರ್ ನೋಡಿ. ಕೆಂಪಗೆ ತುಕ್ಕಿನ ಬಣ್ಣದ ಕಲೆ ಅಲ್ಲಲ್ಲಿ ಕಂಡರೆ ಸ್ಪಿಂಡಲ್ ಒಳಗೆ ಹೋಲ್ಡರ್ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಕಟಿಂಗ್ ಹೊತ್ತಲ್ಲಿ ಎರಡೂ ಮೇಲ್ಮೈ ಸೂಕ್ಷ್ಮವಾಗಿ ಉಜ್ಜಿಕೊಂಡು ಹಾಗಾಗುತ್ತದೆ. ಹೋಲ್ಡರನ್ನು ಮೇಲಕ್ಕೆ ಎಳೆದು ಹಿಡಿಯುವ ಡ್ರಾಬಾರಿನ ಡಿಸ್ಕ್ ಸ್ಪ್ರಿಂಗ್ ಸೋತಿರಬಹುದು, ಅದನ್ನು ಬದಲಾಯಿಸಬಹುದು. ಟೇಪರೇ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಬೇಕು, ಖರ್ಚು ಏರುತ್ತದೆ. ಆಮೇಲೆ 300 ಎಂಎಂ ಟೆಸ್ಟ್ ಮ್ಯಾಂಡ್ರಲ್ (ಪರೀಕ್ಷೆಗೆ ಬಳಸುವ ನೇರ ಸರಳು) ಹಾಕಿ ಲಿವರ್ ಡಯಲ್ ಹಿಡಿಯಿರಿ. ತಿರುಗಿಸಿದಾಗ ಓಲಾಟ ಸ್ಪಿಂಡಲ್ ಬಾಯಿ ಹತ್ತಿರ 5 ಮೈಕ್ರಾನ್, ಕೆಳತುದಿಯಲ್ಲಿ 20 ಮೈಕ್ರಾನ್ ಒಳಗಿದ್ದರೆ ಈ ವಯಸ್ಸಿನ ಮಷೀನಿಗೆ ನಾನು ಒಪ್ಪುತ್ತೇನೆ. ಫುಲ್ ಆರ್‌ಪಿಎಂನಲ್ಲಿ ಅರ್ಧ ಗಂಟೆ ಓಡಿಸಿ. ಸದ್ದು ಒಂದೇ ಸಮ ಇರಬೇಕು. ನಿಲ್ಲಿಸಿ ಸ್ಪಿಂಡಲ್ ಮೂಗಿನ ಮೇಲೆ ಕೈ ಇಟ್ಟರೆ ಬೆಚ್ಚಗಿರಬೇಕು, ಕೈ ಸುಡಬಾರದು.

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ಸರ್ಕಲ್ ಟೆಸ್ಟ್ ಮೇಲೆ. ಬಾಲ್‌ಬಾರ್ (ಮಷೀನು ಎಷ್ಟು ದುಂಡಗೆ ಸುತ್ತುತ್ತದೆ ಅಂತ ಅಳೆಯುವ ಉಪಕರಣ) ಟೆಸ್ಟ್ ಮಾಡಿಸಲು ಆದರೆ ಮಾಡಿಸಿ, ತುಂಬಾ ಒಳ್ಳೆಯದು. ಆಗದಿದ್ದರೆ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ತುಂಡಿನಲ್ಲಿ 100 ಎಂಎಂ ಡಯಾ ಬಾಸನ್ನು (ಎದ್ದು ನಿಲ್ಲುವ ದುಂಡು ಭಾಗ) ಎಂಡ್ ಮಿಲ್‌ನಿಂದ ಫಿನಿಶ್ ಮಾಡಿಸಿ. ಆ ದುಂಡಿನ ನಾಲ್ಕು ಕಡೆ, ಅಂದರೆ ಎಕ್ಸ್ ಅಥವಾ ವೈ ದಿಕ್ಕು ಬದಲಾಗುವ ಜಾಗದಲ್ಲಿ, ಉಗುರಿನಿಂದ ಮೆಲ್ಲಗೆ ಸವರಿ. ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾಗುವಾಗಿನ ಸಡಿಲ) ಇದ್ದರೆ ಅಲ್ಲಿ ಸಣ್ಣ ಮೆಟ್ಟಿಲು ಉಗುರಿಗೆ ತಗಲುತ್ತದೆ. ಎರಡು ಕಡೆ ಮಾತ್ರ ಇದ್ದರೆ ಒಂದೇ ಆಕ್ಸಿಸ್ ತೊಂದರೆ. ಸ್ವಲ್ಪ ಇದ್ದರೆ ಪ್ಯಾರಾಮೀಟರಿನಲ್ಲಿ ಸರಿದೂಗಿಸಬಹುದು. ಆದರೆ ಈಗಾಗಲೇ ಎಷ್ಟು ಕಾಂಪನ್ಸೇಶನ್ ಹಾಕಿದ್ದಾರೆ ಅಂತಲೂ ತೆಗೆಸಿ ನೋಡಿ. ದೊಡ್ಡ ಅಂಕಿ ಕಂಡರೆ ಬಾಲ್ ಸ್ಕ್ರೂ ಅಥವಾ ಅದರ ಬೇರಿಂಗ್ ಆಯಸ್ಸು ಮುಗಿಯುತ್ತಾ ಬಂದಿದೆ.

ಫ್ಯಾನುಕ್‌ನಲ್ಲಿ 6750ನೇ ಪ್ಯಾರಾಮೀಟರ್ ನೋಡಿದರೆ ಮಷೀನು ಒಟ್ಟು ಎಷ್ಟು ನಿಮಿಷ ಆನ್ ಆಗಿತ್ತು ಅಂತ ತೋರಿಸುತ್ತದೆ. 60ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಅಂಕಿಯನ್ನು ತಿದ್ದಿರುವ ಸಾಧ್ಯತೆಯೂ ಇರುವುದರಿಂದ ಅದೊಂದನ್ನೇ ನಂಬಬೇಡಿ, ಟೇಬಲ್ ಮೇಲಿನ ಗಾಯ, ಕವರುಗಳ ಸ್ಥಿತಿ ಜೊತೆ ತಾಳೆ ನೋಡಿ. ಥ್ರೆಡ್ ಹಾಕುವ ರಿಜಿಡ್ ಟ್ಯಾಪಿಂಗ್, ಸುರುಳಿಯಾಗಿ ಇಳಿಯುತ್ತಾ ಕಟ್ ಮಾಡುವ ಹೆಲಿಕಲ್ ಇಂಟರ್‌ಪೊಲೇಶನ್, ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವ ಮ್ಯಾಕ್ರೋ ಆಪ್ಷನ್‌ಗಳು ತೆರೆದಿವೆಯಾ ಅಂತ ಓಡಿಸಿಯೇ ನೋಡಿ. ಒಂದೇ ಮಾಡೆಲ್ ಕಂಟ್ರೋಲರ್ ಆದರೂ ಆಪ್ಷನ್ ಬೇರೆ ಬೇರೆ ಇರುತ್ತವೆ, ಆಮೇಲೆ ತೆರೆಸಲು ದುಡ್ಡು ಕೊಡಬೇಕು. ನಿಮ್ಮ ಬ್ಲಾಕಿಗೆ ಇವು ಮೂರೂ ಬೇಕೇ ಬೇಕು.

ವ್ಯಾಪಾರ ಮುಗಿದ ಮೇಲೆ, ಮಷೀನಿನ ವೈರ್ ಬಿಚ್ಚುವ ಮೊದಲು, ಪ್ಯಾರಾಮೀಟರ್ ಮತ್ತು ಲ್ಯಾಡರ್ (ಮಷೀನಿನ ಸ್ವಿಚ್, ವಾಲ್ವ್ ಓಡಿಸುವ ಪ್ರೋಗ್ರಾಂ) ಬ್ಯಾಕಪ್ ತೆಗೆದುಕೊಳ್ಳಿ. ಎನ್‌ಕೋಡರ್ ಬ್ಯಾಟರಿ, ಮದರ್‌ಬೋರ್ಡ್ ಬ್ಯಾಟರಿ ಎರಡನ್ನೂ ಪವರ್ ಆನ್ ಇರುವಾಗಲೇ ಬದಲಾಯಿಸಿ. ಎನ್‌ಕೋಡರ್ ಬ್ಯಾಟರಿ ಸತ್ತರೆ ಆಕ್ಸಿಸ್‌ಗಳ ಜೀರೋ ಹೋಗುತ್ತದೆ, ಇನ್ನೊಂದು ಸತ್ತರೆ ಪ್ಯಾರಾಮೀಟರ್‌ಗಳೇ ಹೋಗುತ್ತವೆ. ಲಾರಿಯಲ್ಲಿ, ಶೆಡ್ಡಿನಲ್ಲಿ ಕೆಲವು ವಾರ ಕೂತ ಮಷೀನಿಗೆ ಆಗುವ ದೊಡ್ಡ ಅನಾಹುತ ಇದೇ.

ಸರ್ವಿಸ್ ವಿಷಯದಲ್ಲಿ ಬೆಳಗಾವಿಯವರಿಗೆ ಒಂದು ಅನುಕೂಲ ಇದೆ. ಹುಬ್ಬಳ್ಳಿ, ಕೊಲ್ಲಾಪುರ ಎರಡೂ ಹತ್ತಿರ. ಫ್ಯಾನುಕ್, ಸೀಮೆನ್ಸ್, ಮಿತ್ಸುಬಿಷಿ ಗೊತ್ತಿರುವ ಎಂಜಿನಿಯರುಗಳು ಈ ಭಾಗದಲ್ಲಿ ಸಿಗುತ್ತಾರೆ. ಮಷೀನ್ ನೋಡಲು ಹೋಗುವಾಗಲೇ ಅಂಥ ಒಬ್ಬರನ್ನು ಫೀಸು ಕೊಟ್ಟು ಕರೆದುಕೊಂಡು ಹೋಗಿ. ನಾಳೆ ಅಲಾರಂ ಬಂದಾಗ ಫೋನ್ ಮಾಡಬೇಕಾದವರು ಅವರೇ, ಇವತ್ತೇ ಅವರು ಮಷೀನನ್ನು ಒಪ್ಪಲಿ. ಡೀಲರ್ ಕಡೆಯವರನ್ನೇ ಈ ಕೆಲಸಕ್ಕೆ ನೆಚ್ಚಿಕೊಳ್ಳಬೇಡಿ.

ನಿಮ್ಮ ಸಿಐ ಜಾಬಿನ ಬಗ್ಗೆ ಒಂದು ಎಚ್ಚರಿಕೆ. ಬೀಡಿನ ಪುಡಿ ಮಷೀನಿಗೆ ವಿಷ ಇದ್ದ ಹಾಗೆ. ಒಣಗಿದ್ದರೆ ಗಾಳಿಯಲ್ಲಿ ಹಾರಿ ಎಲ್‌ಎಂ ಗೈಡಿನ (ಟೇಬಲ್ ಜಾರುವ ಹಳಿಯ) ವೈಪರ್ ಒಳಗೆ ನುಗ್ಗುತ್ತದೆ, ಕೂಲಂಟಿನ ಜೊತೆ ಸೇರಿದರೆ ಟ್ಯಾಂಕಿನ ತಳದಲ್ಲಿ ಕೆಸರಾಗಿ ಕೂರುತ್ತದೆ, ಎಲೆಕ್ಟ್ರಿಕಲ್ ಪ್ಯಾನೆಲ್ ಒಳಗೆ ಸೇರಿದರೆ ಡ್ರೈವ್ ಸುಡಬಹುದು. ಆದ್ದರಿಂದ ಪ್ಯಾನೆಲ್ ಬಾಗಿಲಿನ ಗ್ಯಾಸ್ಕೆಟ್ ಗಟ್ಟಿ ಇರಲಿ. ಬರಿ ಫ್ಯಾನ್ ಇದ್ದರೆ ಪ್ಯಾನೆಲ್ ಎಸಿ ಹಾಕಿಸಿ. ಟೆಲಿಸ್ಕೋಪಿಕ್ ಕವರ್ ತೆಗೆಸಿ ಒಳಗೆ ನೋಡದೆ ದುಡ್ಡು ಕೊಡಬೇಡಿ. ಏರ್ ಗನ್ ಹಿಡಿದು ಟೇಬಲ್ ಸುತ್ತ ಊದುವ ಅಭ್ಯಾಸವನ್ನು ಹುಡುಗರಿಗೆ ಮೊದಲ ದಿನದಿಂದಲೇ ಬಿಡಿಸಿ.

ಕರೆಂಟಿನದ್ದೂ ಅಷ್ಟೇ ಮುಖ್ಯ. ನಿಮ್ಮ ಸುತ್ತ ಫೌಂಡ್ರಿಗಳಿವೆ, ಇಂಡಕ್ಷನ್ ಫರ್ನೇಸ್ ಇರುವ ಲೈನಿನಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ. ಸರ್ವೋ ಸ್ಟೆಬಿಲೈಸರ್ ಜೊತೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಒಳ್ಳೆ ಅರ್ತಿಂಗ್ ಪಿಟ್ ಮಾಡಿಸಿ. ಮಷೀನಿನ ನೇಮ್‌ಪ್ಲೇಟಿನಲ್ಲಿ ಎಷ್ಟು ಕೆವಿಎ ಅಂತ ನೋಡಿ, ನಿಮ್ಮ ಹೆಸ್ಕಾಂ ಸ್ಯಾಂಕ್ಷನ್ ಲೋಡ್ ಸಾಲದಿದ್ದರೆ ಅರ್ಜಿಯನ್ನು ಈಗಲೇ ಹಾಕಿ. ಶೆಡ್ಡಿನ ಬಾಗಿಲಿನ ಎತ್ತರ ಅಳೆಯಿರಿ. ನೆಲದ ಕಾಂಕ್ರೀಟ್ ಎಷ್ಟು ದಪ್ಪ ಇದೆ ಅಂತಲೂ ತಿಳಿದುಕೊಳ್ಳಿ.

20 ಲಕ್ಷದಲ್ಲಿ 11 ಮಷೀನಿಗೆ ಹೋದರೆ ಉಳಿದದ್ದನ್ನು ಬೇರೆ ಕಡೆ ಹರಿಯಬಿಡಬೇಡಿ. ಹೋಲ್ಡರು, ಕೊಲೆಟ್, ಎರಡು ಒಳ್ಳೆ ವೈಸ್, ಕಟರ್, ಡ್ರಿಲ್ಲುಗಳಿಗೆ ಮೂರು ಲಕ್ಷವಾದರೂ ಎತ್ತಿಡಿ. ಪುಲ್ ಸ್ಟಡ್ (ಹೋಲ್ಡರಿನ ತುದಿಗೆ ಹಾಕುವ, ಡ್ರಾಬಾರ್ ಹಿಡಿದೆಳೆಯುವ ಬೋಲ್ಟ್) ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಿಟಿ40ರಲ್ಲೇ 45, 60, 90 ಡಿಗ್ರಿ ಅಂತ ಬೇರೆ ಬೇರೆ ಇವೆ. ತಪ್ಪು ಕೋನದ್ದು ಹಾಕಿದರೆ ಗ್ರಿಪ್ಪರ್ ಸರಿಯಾಗಿ ಹಿಡಿಯದೆ ಓಡುವ ಟೂಲ್ ಕೆಳಗೆ ಬೀಳಬಹುದು. ಸ್ಪಿಂಡಲ್ ಸರ್ವಿಸಿಗೆ ಅಂತ ಒಂದು ಲಕ್ಷದ ಮೇಲೆ ಬ್ಯಾಂಕಿನಲ್ಲಿ ಮುಟ್ಟದೆ ಇಡಿ. ಡೀಲರ್ 18% ಜಿಎಸ್‌ಟಿ ಬಿಲ್ ಕೊಟ್ಟರೆ, ನೀವು ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲದಿದ್ದರೆ, ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಬಿಲ್ ಇಲ್ಲದ ಮಷೀನಿಗೆ ಬ್ಯಾಂಕೂ ಸಾಲ ಕೊಡುವುದಿಲ್ಲ.

ಆಪರೇಟರ್‌ಗೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಕಲಿತ ಹುಡುಗರನ್ನು ವಿಚಾರಿಸಿ. ಪ್ರೋಗ್ರಾಂ ಓದಲು, ಡ್ರಾಯಿಂಗ್ ಓದಲು ಬರುವವರು ಸಿಗುತ್ತಾರೆ, ಒಳ್ಳೆ ಸಂಬಳ ಕೊಟ್ಟು ಉಳಿಸಿಕೊಳ್ಳಿ.

ಒಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ನಿಮ್ಮ ಬ್ಲಾಕಿನಲ್ಲಿ ಅತಿ ಆಳದ ತೂತು ಎಷ್ಟು ಡಯಾ, ಎಷ್ಟು ಉದ್ದ? ಡಯಾದ ಹತ್ತು ಪಟ್ಟಿಗಿಂತ ಆಳ ಇದ್ದರೆ ಸ್ಪಿಂಡಲ್ ಒಳಗಿಂದ ಕೂಲಂಟ್ ಬರುವ ಮಷೀನನ್ನೇ ಹುಡುಕುವುದು ಒಳ್ಳೆಯದು, ಆ ತೈವಾನ್ ಮಷೀನಿನಲ್ಲಿ ಅದು ಇದೆಯಾ ಅಂತ ಕೇಳಿ. ಕೆಳಗೆ ಸೈಜ್ ಹಾಕಿ, ಎಕ್ಸ್ ವೈ ಝಡ್ ಟ್ರಾವೆಲ್ ಎಷ್ಟು ಸಾಕಾಗುತ್ತದೆ ಅಂತಲೂ ಸೇರಿಸಿ ಹೇಳುತ್ತೇನೆ.