ಲಿಂಕ್ಡ್‌ಇನ್‌ನ ಬೇಡದ ಸಂಪರ್ಕಗಳನ್ನು ತೆಗೆಯುವ ಬಗೆ

ಪ್ರಶ್ನೆ: ಮಂಗಳೂರಿನಲ್ಲಿ ಎಂಬಿಎ ಓದುತ್ತಿದ್ದಾಗ ವೃತ್ತಿ ಸಂಪರ್ಕಗಳ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದೆ. ಸಂಪರ್ಕ ಹೆಚ್ಚಿದಷ್ಟೂ ಕೆಲಸ ಬೇಗ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಬಂದ ಕೋರಿಕೆಗಳನ್ನೆಲ್ಲ ಒಪ್ಪಿಕೊಂಡೆ. ಈಗ ಸಾವಿರಕ್ಕೂ ಮಿಕ್ಕಿ ಜನ ಪಟ್ಟಿಯಲ್ಲಿದ್ದಾರೆ, ಹೆಚ್ಚಿನವರ ಪರಿಚಯವೇ ನನಗಿಲ್ಲ. ಗಲ್ಫ್‌ನಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವವರ ಸಂದೇಶಗಳು ಬೇರೆ. ಹಿಂದಿನ ಕಚೇರಿಯವರು ಮತ್ತು ಸಂಬಂಧದಲ್ಲಿ ಭಾವನಾಗಬೇಕಾದವರೊಬ್ಬರೂ ಅದೇ ಪಟ್ಟಿಯಲ್ಲಿದ್ದಾರೆ. ತೆಗೆದುಹಾಕಿದರೆ ಅವರಿಗೆ ತಿಳಿಯುತ್ತದೆಯೇ? ಬೇಡದವರನ್ನೆಲ್ಲ ಒಮ್ಮೆಗೇ ತೆಗೆಯಲು ಸಾಧ್ಯವೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ತೆಗೆದುಹಾಕಿದ ವಿಷಯವನ್ನು ಲಿಂಕ್ಡ್‌ಇನ್ ಆ ವ್ಯಕ್ತಿಗೆ ತಿಳಿಸುವುದಿಲ್ಲ. ಮುಂದೆ ಎಂದಾದರೂ ಅವರು ತಾವಾಗಿ ನಿಮ್ಮ ಪ್ರೊಫೈಲ್ ಹುಡುಕಿ ನೋಡಿದರೆ ಮಾತ್ರ ಸಂಪರ್ಕ ಇಲ್ಲದಿರುವುದು ಗೊತ್ತಾಗಬಹುದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ತೆಗೆಯುವ ಮೊದಲು ಅವರ ಪ್ರೊಫೈಲ್ ತೆರೆದು ನೋಡಿದರೆ, ನಿಮ್ಮ ಸೆಟ್ಟಿಂಗ್ಸ್‌ಗೆ ಅನುಸಾರವಾಗಿ, ನೀವು ಬಂದುಹೋದದ್ದು ಅವರಿಗೆ ಕಾಣಿಸಬಹುದು. ಆದ್ದರಿಂದ ಪ್ರೊಫೈಲ್‌ಗೆ ಹೋಗದೆ ಪಟ್ಟಿಯಿಂದಲೇ ತೆಗೆಯುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ 'ಮೈ ನೆಟ್‌ವರ್ಕ್' ತೆರೆದು 'ಕನೆಕ್ಷನ್ಸ್' ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಪ್ರತಿಯೊಂದು ಹೆಸರಿನ ಎದುರು 'ಮೆಸೇಜ್' ಗುಂಡಿಯೂ ಅದರ ಪಕ್ಕದಲ್ಲಿ ಮೂರು ಚುಕ್ಕೆಗಳೂ ಇರುತ್ತವೆ. ಚುಕ್ಕೆಗಳನ್ನು ಒತ್ತಿ 'ರಿಮೂವ್ ಕನೆಕ್ಷನ್' ಆರಿಸಿ, ಮತ್ತೊಮ್ಮೆ ಖಚಿತಪಡಿಸಿದರೆ ಕೆಲಸ ಮುಗಿಯಿತು. ಮೊಬೈಲಿನಲ್ಲೂ ದಾರಿ ಹೆಚ್ಚು ಕಡಿಮೆ ಇದೇ.

ಒಮ್ಮೆಗೇ ತೆಗೆಯುವ ಆಸೆಯನ್ನು ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ನೂರಾರು ಸಂಪರ್ಕಗಳನ್ನು ತಾನೇ ಅಳಿಸಿಕೊಡುತ್ತೇನೆ ಎನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಸಿಗುತ್ತವೆ ನಿಜ, ಆದರೆ ಇಂಥ ಸ್ವಯಂಚಾಲಿತ ಸಾಧನಗಳ ಬಳಕೆ ಲಿಂಕ್ಡ್‌ಇನ್‌ನ ಬಳಕೆದಾರರ ಒಪ್ಪಂದಕ್ಕೆ ವಿರುದ್ಧವಾದುದರಿಂದ ನಿಮ್ಮ ಖಾತೆಗೇ ನಿರ್ಬಂಧ ಬೀಳಬಹುದು. ಅಲ್ಲದೆ ನೀವು ಲಾಗಿನ್ ಆಗಿರುವ ಪುಟವನ್ನು ಓದುವ ಅನುಮತಿಯನ್ನು ಗುರುತು ಪರಿಚಯವಿಲ್ಲದ ಯಾರಿಗೋ ಕೊಟ್ಟಂತಾಗುತ್ತದೆ. ಕೆಲಸ ಹುಡುಕುತ್ತಿರುವ ಹೊತ್ತಿನಲ್ಲಿ ಇಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು.

ಅದರ ಬದಲು ಹೀಗೆ ಮಾಡಿ. ಸೆಟ್ಟಿಂಗ್ಸ್‌ನ 'ಡೇಟಾ ಪ್ರೈವೆಸಿ' ವಿಭಾಗದಲ್ಲಿ ನಿಮ್ಮ ಮಾಹಿತಿಯ ಪ್ರತಿಯನ್ನು ಕೇಳಿ ಪಡೆಯುವ ಸೌಲಭ್ಯವಿದೆ. ಅಲ್ಲಿ ಸಂಪರ್ಕಗಳ ಕಡತವನ್ನು ತರಿಸಿಕೊಂಡರೆ ಹೆಸರು, ಕಂಪನಿ, ಹುದ್ದೆ ಮತ್ತು ಸಂಪರ್ಕವಾದ ದಿನಾಂಕ ಸಾಲಾಗಿ ಸಿಗುತ್ತವೆ. ಎಕ್ಸೆಲ್‌ನಲ್ಲಿ ತೆರೆದು ದಿನಾಂಕದ ಪ್ರಕಾರ ಜೋಡಿಸಿ ನೋಡಿ: ಕಾಲೇಜಿನ ಕ್ಯಾಂಪಸ್ ಸಂದರ್ಶನದ ತಿಂಗಳುಗಳಲ್ಲಿ ಕಣ್ಣುಮುಚ್ಚಿ ಒಪ್ಪಿಕೊಂಡವರೆಲ್ಲ ಒಂದೇ ಕಡೆ ಗುಂಪಾಗಿ ಕಾಣುತ್ತಾರೆ. ನಮ್ಮ ಕಾಸರಗೋಡು ಭಾಗದಲ್ಲಿ ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಪಟ್ಟಿಯಲ್ಲಿ ಭಟ್, ರೈ, ಶೆಟ್ಟಿ ಎಂದು ಹುಡುಕಿದರೆ ಒಂದೇ ಹೆಸರಿನ ಹತ್ತಾರು ಮಂದಿ ಬರುತ್ತಾರೆ, ಬೇಕಾದವರನ್ನೇ ತಪ್ಪಿ ತೆಗೆದುಬಿಡುವ ಸಂಭವವಿರುತ್ತದೆ. ಕಂಪನಿ ಮತ್ತು ಹುದ್ದೆಯ ಕಾಲಂ ಪಕ್ಕದಲ್ಲಿದ್ದರೆ ಆ ಗೊಂದಲ ಬರುವುದಿಲ್ಲ. ಗುರುತು ಮಾಡಿದವರನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಬನ್ನಿ.

ಮುಖಪರಿಚಯ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ತೆಗೆಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಅಧ್ಯಾಪಕರೋ ನಿಮ್ಮ ಪಟ್ಟಿಯಲ್ಲಿದ್ದು, ಅವರು ಬರೆಯುವುದು ನಿಮಗೆ ಉಪಯೋಗವಾಗುತ್ತಿದ್ದರೆ ಇರಲಿ ಬಿಡಿ. ಅಡಿಕೆಯಲ್ಲಿ ಪಟೋರ, ಉಳ್ಳಿ, ಕರಿಗೋಟುಗಳನ್ನು ಬೇರೆ ಬೇರೆ ಮಾಡಿದ ಹಾಗೆ ಇಲ್ಲಿಯೂ ಬಗೆ ನೋಡಿ ಬೇರ್ಪಡಿಸಬೇಕೇ ಹೊರತು ಎಲ್ಲದಕ್ಕೂ ಒಂದೇ ಉಪಾಯ ಸಲ್ಲದು.

ಹಿಂದಿನ ಕಚೇರಿಯವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಿಮ್ಮ ಮೇಲಧಿಕಾರಿ ನಿಮ್ಮ ಬಗ್ಗೆ ಶಿಫಾರಸು ಬರೆದಿದ್ದರೆ ಅಥವಾ ನಿಮ್ಮ ಕೌಶಲಗಳನ್ನು ಅನುಮೋದಿಸಿದ್ದರೆ, ಅವರನ್ನು ತೆಗೆದ ಕೂಡಲೇ ಅದೆಲ್ಲ ನಿಮ್ಮ ಪ್ರೊಫೈಲ್‌ನಿಂದ ಹೊರಟುಹೋಗುತ್ತದೆ. ಆಮೇಲೆ ಮತ್ತೆ ಸಂಪರ್ಕ ಮಾಡಿಕೊಂಡರೂ ಹಿಂತಿರುಗಿ ಬರುವುದಿಲ್ಲ. ಅಂಥವರಿಗೂ ನಿಮ್ಮ ಭಾವನವರಿಗೂ ಸರಿಹೊಂದುವುದು 'ಅನ್‌ಫಾಲೋ'. ಸಂಪರ್ಕ ಹಾಗೆಯೇ ಉಳಿಯುತ್ತದೆ, ಅವರ ಪೋಸ್ಟ್‌ಗಳು ಮಾತ್ರ ನಿಮ್ಮ ಫೀಡ್‌ಗೆ ಬರುವುದಿಲ್ಲ, ಅವರಿಗೆ ಸೂಚನೆಯೂ ಹೋಗುವುದಿಲ್ಲ. ಕುಂಬಳೆ ಜಾತ್ರೆಯ ಬೆಡಿಗೋ ಮದುವೆಮನೆಯಲ್ಲೋ ಎದುರು ಸಿಕ್ಕಾಗ ಮುಜುಗರಪಡುವ ಪ್ರಸಂಗವೇ ಬಾರದು.

ಇನ್ನು ಗಲ್ಫ್ ಕೆಲಸದ ಆಮಿಷ ತೋರಿಸುವವರು. ಇವರನ್ನು ಬರಿದೇ ಪಟ್ಟಿಯಿಂದ ತೆಗೆದರೆ ಸಾಲದು ಎಂದು ನಾನು ಬಲವಾಗಿ ನಂಬುತ್ತೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಗಲ್ಫ್ ದುಡಿಮೆಯಿಂದಲೇ ನೆಲೆ ಕಂಡಿವೆ. ಆ ಭರವಸೆಯನ್ನೇ ವಂಚಕರು ಬಳಸಿಕೊಳ್ಳುತ್ತಾರೆ ಎಂಬುದು ಮನಸ್ಸಿಗೆ ನೋವುಂಟುಮಾಡುವ ಸಂಗತಿ. 'ಅರ್ಜೆಂಟ್ ವೇಕೆನ್ಸಿ, ಸಂದರ್ಶನ ಇಲ್ಲ, ಪಾಸ್‌ಪೋರ್ಟ್ ಪ್ರತಿಯನ್ನು ವಾಟ್ಸಾಪ್ ಮಾಡಿ' ಎಂಬ ಧಾಟಿಯ ಸಂದೇಶ ಬಂದರೆ ಕಳುಹಿಸಿದವರ ಪ್ರೊಫೈಲ್‌ನಲ್ಲಿ 'ಮೋರ್' ಒತ್ತಿ 'ಅಬೌಟ್ ದಿಸ್ ಪ್ರೊಫೈಲ್' ನೋಡಿ. ಖಾತೆ ಯಾವಾಗ ತೆರೆದದ್ದು, ಮಾಹಿತಿ ಯಾವಾಗ ಬದಲಾಯಿಸಿದ್ದು ಎಂಬುದು ಅಲ್ಲಿರುತ್ತದೆ. ಇಪ್ಪತ್ತು ವರ್ಷದ ಅನುಭವವಿದೆ ಎಂದು ಬರೆದುಕೊಂಡವರ ಖಾತೆ ಕಳೆದ ತಿಂಗಳು ತೆರೆದದ್ದಾಗಿದ್ದರೆ ಸಂಶಯಪಡಲೇಬೇಕು. ಮೊದಲು ಸಂದೇಶದ ಮತ್ತು ಪ್ರೊಫೈಲ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ರಿಪೋರ್ಟ್ ಮಾಡಿ, ಕೊನೆಗೆ ಬ್ಲಾಕ್ ಮಾಡಿ. ಈ ಕ್ರಮ ಮುಖ್ಯ, ಏಕೆಂದರೆ ಬ್ಲಾಕ್ ಮಾಡಿದ ಮೇಲೆ ಅವರಿಗೆ ನೀವು ಕಾಣದಂತೆ ನಿಮಗೂ ಅವರು ಕಾಣುವುದಿಲ್ಲ.

ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದಿಂದ ಪರವಾನಗಿ ಪಡೆದಿರಬೇಕು. ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯಲ್ಲಿಯೂ ವಿಚಾರಿಸಬಹುದು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಾನು ಬೇಡದವರನ್ನು ತೆಗೆದುಹಾಕಿದ್ದೇನೆ. ಆದರೂ ನನ್ನ ಫೋನಿನಲ್ಲಿ ನಂಬರ್ ಇರುವ ಗ್ಯಾಸ್ ಏಜೆನ್ಸಿಯವರು, ಹಳೆಯ ಬಾಡಿಗೆದಾರರು ಮುಂತಾದವರ ಹೆಸರನ್ನು ಲಿಂಕ್ಡ್‌ಇನ್ ಪದೇ ಪದೇ ತೋರಿಸುತ್ತದೆ. ನನ್ನ ಸಂಪರ್ಕದಲ್ಲಿ ಯಾರಿದ್ದಾರೆ ಎಂಬುದೂ ಇತರರಿಗೆ ಕಾಣುತ್ತಿದೆ. ಏನು ಮಾಡಬೇಕು?
— ಓದುಗರೊಬ್ಬರು, ಉಪ್ಪಳ

ಉತ್ತರ: ಖಾತೆ ತೆರೆಯುವಾಗ ಅಥವಾ ಆಪ್ ಹಾಕಿಕೊಳ್ಳುವಾಗ ಫೋನಿನ ನಂಬರುಗಳನ್ನು ಸಿಂಕ್ ಮಾಡಲು, ಅಂದರೆ ಲಿಂಕ್ಡ್‌ಇನ್‌ಗೆ ನಕಲು ಮಾಡಿಕೊಳ್ಳಲು, ನೀವು ಒಪ್ಪಿಗೆ ಕೊಟ್ಟಿರಬೇಕು. ಈ ನಂಬರುಗಳ ಪಟ್ಟಿ ಬೇರೆ, ನಿಮ್ಮ ಸಂಪರ್ಕಗಳ ಪಟ್ಟಿ ಬೇರೆ. ಒಂದರಿಂದ ತೆಗೆದದ್ದು ಇನ್ನೊಂದರಿಂದ ಹೋಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಆದ ಕಾಂಟ್ಯಾಕ್ಟ್‌ಗಳನ್ನು ನಿರ್ವಹಿಸುವ ಪುಟಕ್ಕೆ ಹೋಗಿ ಎಲ್ಲವನ್ನೂ ಅಳಿಸಿ, ಸಿಂಕ್ ನಿಲ್ಲಿಸಿ. ಅಷ್ಟಕ್ಕೇ ಬಿಡದೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ಕೊಟ್ಟಿರುವ ಕಾಂಟ್ಯಾಕ್ಟ್ಸ್ ಅನುಮತಿಯನ್ನೂ ಹಿಂಪಡೆಯಿರಿ. ನಿಮ್ಮನ್ನು ನಂಬಿ ನಂಬರ್ ಕೊಟ್ಟವರ ಮಾಹಿತಿಯನ್ನು ಅವರನ್ನು ಕೇಳದೆ ಇನ್ನೊಂದು ಕಂಪನಿಗೆ ಒಪ್ಪಿಸುವುದು ಸರಿಯಲ್ಲವಾದ್ದರಿಂದ, ನಿಮಗೆ ತೊಂದರೆ ಇಲ್ಲದಿದ್ದರೂ ಇದನ್ನು ಮಾಡಬೇಕೆಂದು ನಾನು ಹೇಳುತ್ತಿದ್ದೆ.

ಸಂಪರ್ಕಗಳ ಪಟ್ಟಿ ಇತರರಿಗೆ ಕಾಣದಂತೆ ಮಾಡಲು 'ವಿಸಿಬಿಲಿಟಿ' ವಿಭಾಗದಲ್ಲಿ 'ಕನೆಕ್ಷನ್ಸ್' ಎಂಬುದನ್ನು ಆಫ್ ಮಾಡಿ. ಹಾಗೆ ಮಾಡಿದರೂ ನಿಮ್ಮಿಬ್ಬರಿಗೂ ಸಮಾನವಾಗಿ ಪರಿಚಯವಿರುವವರ ಹೆಸರು ಕಾಣುತ್ತಲೇ ಇರುತ್ತದೆ. ನಿಮ್ಮ ಇಮೇಲ್ ವಿಳಾಸವನ್ನು ಯಾರು ನೋಡಬಹುದು ಎಂಬ ಆಯ್ಕೆಯೂ ಅಲ್ಲೇ ಇದೆ, ಅದನ್ನು ನಿಮಗೆ ಮಾತ್ರ ಕಾಣುವಂತೆ ಬದಲಾಯಿಸಿ.

ಪ್ರಶ್ನೆ: ಒಂದೇ ಹೆಸರಿನ ಇಬ್ಬರಿದ್ದುದರಿಂದ ತಪ್ಪಾಗಿ ಬೇರೆಯವರಿಗೆ ಕೋರಿಕೆ ಕಳುಹಿಸಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಹಿಂತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಹಿಂತೆಗೆದುಕೊಳ್ಳಬಹುದು. 'ಮೈ ನೆಟ್‌ವರ್ಕ್'ನಲ್ಲಿ ಇನ್ವಿಟೇಷನ್‌ಗಳ ಪುಟ ತೆರೆದು 'ಸೆಂಟ್' ವಿಭಾಗಕ್ಕೆ ಹೋದರೆ ಉತ್ತರ ಬಾರದ ಕೋರಿಕೆಗಳೆಲ್ಲ ಇರುತ್ತವೆ. ಆ ಹೆಸರಿನ ಎದುರಿನ 'ವಿತ್‌ಡ್ರಾ' ಒತ್ತಿ. ಆಮೇಲೆ ಮನಸ್ಸು ಬದಲಾಯಿಸಿದರೂ ಅದೇ ವ್ಯಕ್ತಿಗೆ ಮತ್ತೆ ಕೋರಿಕೆ ಕಳುಹಿಸಲು 3 ವಾರಗಳವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಒತ್ತುವ ಮೊದಲು ಇಬ್ಬರಲ್ಲಿ ಯಾರ ಹೆಸರಿನ ಮುಂದೆ ಬೆರಳಿಟ್ಟಿದ್ದೀರಿ ಎಂದು ಹುದ್ದೆ ಮತ್ತು ಊರನ್ನು ಓದಿ ಖಚಿತಪಡಿಸಿಕೊಳ್ಳಿ.